ಹೆಲಿಕಾಪ್ಟರ್ ಹತ್ತುವ ಮುನ್ನ: ಮುಖ್ಯಮಂತ್ರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳೇ,

ಸರ್ಕಾರಿ ಕಚೇರಿಯೊಂದು ಕಾರು ಬಾಡಿಗೆಗೆ ಪಡೆಯುವಾಗ ಎಫ್‌ಸಿ ಇದೆಯೇ, ವಿಮೆ ಚಾಲ್ತಿಯಲ್ಲಿದೆಯೇ, ಹಳದಿ ಬೋರ್ಡೇ ಬಿಳಿ ಬೋರ್ಡೇ ಎಂದು ಗುಮಾಸ್ತರು ಕೇಳಿಯೇ ಕೇಳುತ್ತಾರೆ. ತಾವು, ತಮ್ಮ ಸಚಿವರು, ವಿರೋಧ ಪಕ್ಷದ ನಾಯಕರು ಹತ್ತುವ ಬಾಡಿಗೆ ಹೆಲಿಕಾಪ್ಟರಿನ ವಿಷಯದಲ್ಲೂ ಇದೇ ಪ್ರಶ್ನೆಗಳಿವೆ, ಉತ್ತರ ಹೇಳುವ ಕಾಗದಗಳೂ ಇವೆ. ಕೇಳುವವರು ಬೇಕಾಗಿದ್ದಾರೆ. ನಮ್ಮ ಕೋರಿಕೆ ಇಷ್ಟು: ಬಾಡಿಗೆ ಹೆಲಿಕಾಪ್ಟರ್ ಅಥವಾ ಸಣ್ಣ ವಿಮಾನದ ಪ್ರತಿ ಪ್ರವಾಸಕ್ಕೂ ಮುನ್ನ ಕಾಗದಗಳನ್ನು ನೋಡಲೇಬೇಕು, ಪೈಲಟ್ ‘ಆಗುವುದಿಲ್ಲ’ ಎಂದರೆ ಅದರ ಮೇಲೆ ಯಾರೂ ಮಾತಾಡಬಾರದು ಎಂದು ರಾಜ್ಯ ಸರ್ಕಾರ ಒಂದು ಆದೇಶ ಹೊರಡಿಸಲಿ.

ವಿಮಾನಯಾನವು ಕೇಂದ್ರ ಸರ್ಕಾರದ ವಿಷಯ ಎಂಬುದು ನಮಗೆ ಗೊತ್ತು. 1934ರ ಏರ್‌ಕ್ರಾಫ್ಟ್ ಕಾಯ್ದೆಯ ಜಾಗಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಪರವಾನಗಿ ಕೊಡುವುದು, ತಪಾಸಣೆ ಮಾಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಆದರೆ ಬಾಡಿಗೆ ಹಣ ಕೊಡುವವರು, ಹೆಲಿಪ್ಯಾಡ್ ಸಿದ್ಧಪಡಿಸುವವರು, ಕಾರ್ಯಕ್ರಮದ ವೇಳೆ ಗೊತ್ತುಮಾಡುವವರು ರಾಜ್ಯದವರೇ. ಎಷ್ಟೋ ತಪ್ಪುಗಳು ಹುಟ್ಟುವುದು ಇಲ್ಲಿಯೇ.

2004ರ ಏಪ್ರಿಲ್ 17ರಂದು ಚುನಾವಣಾ ಪ್ರಚಾರಕ್ಕೆಂದು ಕರೀಂನಗರಕ್ಕೆ ಹೊರಟ ಸೆಸ್ನಾ 180 ವಿಮಾನ ಜಕ್ಕೂರಿನಿಂದ ಮೇಲೆದ್ದ ಕೆಲವೇ ಕ್ಷಣಗಳಲ್ಲಿ ಬಿದ್ದು, ನಟಿ ಸೌಂದರ್ಯ ಮತ್ತು ಅವರ ಅಣ್ಣ ಸೇರಿ 4 ಮಂದಿ ತೀರಿಕೊಂಡರು. 2009ರ ಸೆಪ್ಟೆಂಬರ್ 2ರಂದು ನೆರೆಯ ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರಿದ್ದ ಬೆಲ್ 430 ಹೆಲಿಕಾಪ್ಟರ್ ನಲ್ಲಮಲ ಕಾಡಿನಲ್ಲಿ ಬಿತ್ತು. ಗೇರ್‌ಬಾಕ್ಸಿನ ಎಣ್ಣೆ ಒತ್ತಡದ ಎಚ್ಚರಿಕೆಗೆ ಪರಿಹಾರ ಹುಡುಕುತ್ತ ಪೈಲಟ್‌ಗಳು 6 ನಿಮಿಷಕ್ಕೂ ಹೆಚ್ಚು ಹೊತ್ತು ಮಗ್ನರಾಗಿದ್ದರು, ಆಮೇಲೆ ಯಂತ್ರ ಮಳೆಮೋಡದ ಬಿರುಸಾದ ಕೆಳಗಾಳಿಗೆ ಸಿಕ್ಕಿತು ಎಂದು ತನಿಖೆ ಹೇಳಿತು. ನಮ್ಮಲ್ಲೇ 2023ರ ಮಾರ್ಚ್ 6ರಂದು ಜೇವರ್ಗಿಯಲ್ಲಿ ಯಡಿಯೂರಪ್ಪನವರ ಹೆಲಿಕಾಪ್ಟರ್ ಇಳಿಯುವಾಗ ಹೆಲಿಪ್ಯಾಡಿನ ಸುತ್ತ ಬಿದ್ದಿದ್ದ ಪ್ಲಾಸ್ಟಿಕ್ ಹಾಳೆಗಳು ಗಾಳಿಗೆದ್ದವು. ಪೈಲಟ್ ಇಳಿಸದೆ ಮೇಲೇರಿಸಿ, ಮೈದಾನ ಸ್ವಚ್ಛವಾದ ಮೇಲೆ ಇಳಿಸಿದರು. ಎರಡು ತಿಂಗಳೊಳಗೆ, ಮೇ 2ರಂದು, ಹೊಸಕೋಟೆ ಬಳಿ ಡಿ.ಕೆ. ಶಿವಕುಮಾರ್ ಅವರಿದ್ದ ಹೆಲಿಕಾಪ್ಟರಿಗೆ ಹದ್ದು ಬಡಿದು ಮುಂಗಾಜು ಒಡೆಯಿತು. ಪೈಲಟ್ ಎಚ್‌ಎಎಲ್ ನಿಲ್ದಾಣದಲ್ಲಿ ಸುರಕ್ಷಿತವಾಗಿ ಇಳಿಸಿದರು. ಈ ಎರಡು ಸಲವೂ ಜೀವ ಉಳಿದದ್ದು ಪೈಲಟ್ ಕಾರ್ಯಕ್ರಮದ ಪಟ್ಟಿಯನ್ನು ಮರೆತು ನಿರ್ಧಾರ ತೆಗೆದುಕೊಂಡದ್ದರಿಂದ.

ಮೊದಲು ಕಾಗದಗಳ ಮಾತು. ಭಾರತದಲ್ಲಿ ನೋಂದಾಯಿತ ಪ್ರತಿ ವಿಮಾನಕ್ಕೂ ‘ವಿಟಿ’ಯಿಂದ ಶುರುವಾಗುವ ಗುರುತು ಇರುತ್ತದೆ, ಮೈಮೇಲೆ ದೊಡ್ಡದಾಗಿ ಬರೆದಿರುತ್ತದೆ. ಟೆಂಡರ್ ವೇಳೆ ಒಂದು ಹೆಲಿಕಾಪ್ಟರಿನ ಕಾಗದ ತೋರಿಸಿ, ಪ್ರವಾಸದ ದಿನ ‘ಅದು ಸರ್ವಿಸಿಗೆ ಹೋಗಿದೆ’ ಎಂದು ಬೇರೊಂದನ್ನು ಕಳಿಸಲು ಸಾಧ್ಯವಿದೆ. ಬದಲಿ ಕಳಿಸುವುದೇ ತಪ್ಪಲ್ಲ, ಕಾಗದವೂ ಬದಲಾಗಬೇಕು. ಆದ್ದರಿಂದ ಮೈಮೇಲಿನ ಗುರುತನ್ನು ನೋಂದಣಿ ಪತ್ರದೊಂದಿಗೆ ತಾಳೆ ನೋಡುವುದು ಮೊದಲ ಕೆಲಸ. ಎರಡನೆಯದು ಹಾರಾಟ ಯೋಗ್ಯತಾ ಪತ್ರ. ಅದರಲ್ಲಿ ವರ್ಗ ಬರೆದಿರುತ್ತದೆ: ಪ್ರಯಾಣಿಕ, ಸರಕು, ಖಾಸಗಿ ಇತ್ಯಾದಿ. ಖಾಸಗಿ ವರ್ಗದ್ದು ಬಿಳಿ ಬೋರ್ಡಿನ ಕಾರಿದ್ದಂತೆ, ಬಾಡಿಗೆಗೆ ಜನರನ್ನು ಒಯ್ಯುವಂತಿಲ್ಲ. ಕಂಪನಿಗೆ ಡಿಜಿಸಿಎ ಕೊಟ್ಟ ನಾನ್ ಷೆಡ್ಯೂಲ್ಡ್ ಆಪರೇಟರ್ ಪರ್ಮಿಟ್ (ನಿಗದಿತ ವೇಳಾಪಟ್ಟಿಯಿಲ್ಲದೆ ಬಾಡಿಗೆ ಹಾರಾಟ ನಡೆಸುವ ಅನುಮತಿ) ಇರಬೇಕು, ಈ ನಿರ್ದಿಷ್ಟ ಹೆಲಿಕಾಪ್ಟರಿನ ಗುರುತು ಆ ಪರ್ಮಿಟ್ಟಿಗೆ ಸೇರಿರಬೇಕು. ಬಿಳಿ ಬೋರ್ಡಿನಲ್ಲಿ ಬಾಡಿಗೆ ಹೋಗಿ ಅವಘಡವಾದರೆ ವಿಮೆ ಕೈಕೊಡುವ ಅಪಾಯ ಕಾರಿಗಿಂತ ಇಲ್ಲಿ ದೊಡ್ಡದು.

ಹಾರಾಟ ಯೋಗ್ಯತಾ ಪತ್ರ ಇದ್ದ ಮಾತ್ರಕ್ಕೆ ಸಾಲದು. ಅದರ ಜೊತೆಗೆ ಏರ್‌ವರ್ದಿನೆಸ್ ರಿವ್ಯೂ ಸರ್ಟಿಫಿಕೇಟ್ ಇರಬೇಕು. ಅದರ ಆಯುಷ್ಯ 1 ವರ್ಷ. ಅದನ್ನೇ ಎಫ್‌ಸಿ ಅಂದುಕೊಳ್ಳಿ. ರೇಡಿಯೊಗೆ ದೂರಸಂಪರ್ಕ ಇಲಾಖೆಯ ಲೈಸೆನ್ಸ್, ವಿಮೆ, ತೂಕದ ಪಟ್ಟಿ, ಫ್ಲೈಟ್ ಮ್ಯಾನುಯಲ್ ಇವೂ ಹೆಲಿಕಾಪ್ಟರಿನೊಳಗೇ ಇರಬೇಕಾದವು. ಇವನ್ನೆಲ್ಲ ನೋಡಲು ಹತ್ತು ನಿಮಿಷ ಸಾಕು.

ಹೆಚ್ಚು ಹೊತ್ತು ಕೊಡಬೇಕಾದದ್ದು ಹಾರಾಟ, ದೋಷ, ದುರಸ್ತಿಗಳನ್ನು ಬರೆದಿಡುವ ಪುಸ್ತಕವಾದ ಟೆಕ್ ಲಾಗ್‌ಗೆ. ಯಂತ್ರದ ನಿಜವಾದ ಕಥೆ ಅಲ್ಲಿರುತ್ತದೆ. ಪೈಲಟ್ ಕಂಡ ದೋಷವನ್ನು, ನಮ್ಮ ವೃತ್ತಿಯವರು ‘ಸ್ನ್ಯಾಗ್’ ಅನ್ನುತ್ತೇವೆ, ಅಲ್ಲಿ ಬರೆಯಬೇಕು. ಎಂಜಿನಿಯರ್ ಸರಿಪಡಿಸಿ, ತನ್ನ ಲೈಸೆನ್ಸ್ ನಂಬರಿನೊಂದಿಗೆ ಸಹಿ ಹಾಕಿ ಯಂತ್ರವನ್ನು ಬಿಡುಗಡೆ ಮಾಡಬೇಕು. ಟರ್ಬೈನ್ ಎಂಜಿನ್ನಿನ ಹೆಲಿಕಾಪ್ಟರಿಗೆ ಆ ಎಂಜಿನಿಯರ್ ಬಿ1.3 ವರ್ಗದ ಲೈಸೆನ್ಸ್ ಉಳ್ಳವರಾಗಿ, ಆ ಮಾದರಿಯ ಅರ್ಹತೆ ಪಡೆದವರಾಗಿರಬೇಕು. ಕೆಲವು ದೋಷಗಳನ್ನಿಟ್ಟುಕೊಂಡೇ ಹಾರಲು ನಿಯಮದಲ್ಲಿ ಅವಕಾಶವಿದೆ. ಯಾವುದು, ಎಷ್ಟು ದಿನ ಎಂಬುದನ್ನು ಮಿನಿಮಮ್ ಇಕ್ವಿಪ್‌ಮೆಂಟ್ ಲಿಸ್ಟ್ ಹೇಳುತ್ತದೆ: ಬಿ ವರ್ಗದ ದೋಷಕ್ಕೆ 3 ದಿನ, ಸಿ ವರ್ಗದ್ದಕ್ಕೆ 10 ದಿನ, ಡಿ ವರ್ಗದ್ದಕ್ಕೆ 120 ದಿನ, ದೋಷ ಕಂಡ ದಿನ ಬಿಟ್ಟು. ಗಡುವು ದಾಟಿದ್ದರೆ ಹೆಲಿಕಾಪ್ಟರ್ ನೆಲ ಬಿಡಬಾರದು. ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇವೆ. ತಿಂಗಳುಗಟ್ಟಲೆ ‘ನಿಲ್ ಸ್ನ್ಯಾಗ್’ (ದೋಷವಿಲ್ಲ) ಎಂದೇ ಬರೆದಿರುವ ಟೆಕ್ ಲಾಗ್ ಕಂಡರೆ ಸಮಾಧಾನಪಡಬೇಡಿ. ದುಡಿಯುವ ಯಂತ್ರದಲ್ಲಿ ಒಂದು ಬಲ್ಬಾದರೂ ಹೋಗುತ್ತದೆ. ಏನೂ ಬರೆದಿಲ್ಲವೆಂದರೆ ಬರೆಯಲು ಬಿಡುತ್ತಿಲ್ಲ ಎಂಬ ಅನುಮಾನಕ್ಕೆ ಎಡೆಯಿದೆ.

ಅದೇ ಪುಸ್ತಕದಲ್ಲಿ ಮುಂದಿನ ಇನ್‌ಸ್ಪೆಕ್ಷನ್ನಿಗೆ ಎಷ್ಟು ಗಂಟೆ ಬಾಕಿ ಎಂಬುದನ್ನು ನೋಡಿ, ಆ ದಿನದ ಹಾರಾಟಕ್ಕೆ ಅದು ಸಾಕೇ ಎಂದು ಲೆಕ್ಕ ಹಾಕಬೇಕು. ಚುನಾವಣೆಯಲ್ಲಿ ಗಂಟೆಯ ಲೆಕ್ಕವೊಂದೇ ಮೋಸ ಮಾಡುತ್ತದೆ. ದಿನಕ್ಕೆ 8 ಕಡೆ ಇಳಿದು ಎದ್ದರೆ ಹಾರಾಟ 3 ಗಂಟೆಯಷ್ಟೇ ಇರಬಹುದು, ಆದರೆ ಎಂಜಿನ್ 8 ಸಲ ಕಾದು ತಣಿದಿರುತ್ತದೆ, ಗೇರ್‌ಬಾಕ್ಸ್ 8 ಸಲ ಪೂರ್ತಿ ಭಾರ ಹೊತ್ತಿರುತ್ತದೆ. ಟರ್ಬೈನಿನ ಚಕ್ರಗಳ ಆಯುಷ್ಯವನ್ನು ಗಂಟೆಯ ಜೊತೆಗೆ ಇಂಥ ಕಾದು ತಣಿಯುವ ಸುತ್ತು, ಅಂದರೆ ಸೈಕಲ್‌ಗಳಲ್ಲೂ ಎಣಿಸುವುದು ಇದಕ್ಕೇ. ಸೈಕಲ್ ಬರೆಯುವುದನ್ನು ಮರೆತರೆ ಆಯುಷ್ಯ ಮುಗಿದ ಭಾಗ ಹಾರುತ್ತಲೇ ಇರುತ್ತದೆ, ಹೊರಗಿನಿಂದ ಅದು ಯಾರಿಗೂ ಕಾಣುವುದಿಲ್ಲ.

ಪೈಲಟ್‌ಗಳ ಲೈಸೆನ್ಸ್, ಆ ಮಾದರಿಯನ್ನು ಹಾರಿಸುವ ಅರ್ಹತೆ (ರೇಟಿಂಗ್), 6 ತಿಂಗಳಿಗೊಮ್ಮೆಯ ಪ್ರಾವೀಣ್ಯ ಪರೀಕ್ಷೆ, ಮೊದಲ ದರ್ಜೆಯ ವೈದ್ಯಕೀಯ ಪತ್ರ ಚಾಲ್ತಿಯಲ್ಲಿರಬೇಕು. 60 ದಾಟಿದವರಿಗೆ ವೈದ್ಯಕೀಯ ಪತ್ರದ ಅವಧಿ 6 ತಿಂಗಳು ಮಾತ್ರ. ಕಳೆದ 90 ದಿನಗಳಲ್ಲಿ ಆ ಮಾದರಿಯಲ್ಲೇ ಕನಿಷ್ಠ 3 ಟೇಕಾಫ್, 3 ಲ್ಯಾಂಡಿಂಗ್ ಮಾಡಿರಬೇಕು. ಟೆಂಡರಿನಲ್ಲಿ ಎರಡು ಎಂಜಿನ್, ಇಬ್ಬರು ಪೈಲಟ್, ಇಬ್ಬರಿಗೂ ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಿದ್ದಾಗ ಉಪಕರಣ ನೋಡಿಯೇ ಹಾರಿಸುವ ಅರ್ಹತೆ) ಎಂದು ಬರೆದರೆ ಬಾಡಿಗೆ ಹೆಚ್ಚಾಗುತ್ತದೆ. ಹೆಚ್ಚಾಗಲಿ.

ಇನ್ನು ತೂಕ. ಇಲ್ಲಿ ತಪ್ಪು ಮಾಡುವವರು ಹೆಚ್ಚಾಗಿ ಹತ್ತುವವರೇ ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ. ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಆ ಎತ್ತರಕ್ಕೆ ಪ್ರಮಾಣಿತ ಉಷ್ಣತೆ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಇದ್ದರೆ 27 ಡಿಗ್ರಿ ಹೆಚ್ಚು. ಒಂದು ಡಿಗ್ರಿಗೆ ಸುಮಾರು 120 ಅಡಿಯಂತೆ ಕೂಡಿಸಿದರೆ ಹೆಲಿಕಾಪ್ಟರಿನ ಪಾಲಿಗೆ ಜಕ್ಕೂರು 6,200 ಅಡಿ ಎತ್ತರದ ಬೆಟ್ಟವಾಗುತ್ತದೆ. ಕಲಬುರಗಿಯ ನೆಲ ಸುಮಾರು 1,500 ಅಡಿ, 42 ಡಿಗ್ರಿ ಬಿಸಿಲಿನಲ್ಲಿ ಅದು 5,100 ಅಡಿಯಂತಾಗುತ್ತದೆ. ಗಾಳಿ ತೆಳುವಾದಷ್ಟೂ ರೋಟರ್ ಎತ್ತುವ ಭಾರ ಕಡಿಮೆ, ಎಂಜಿನ್ ಕೊಡುವ ಶಕ್ತಿಯೂ ಕಡಿಮೆ. ಬೆಳಿಗ್ಗೆ 7ಕ್ಕೆ ಆರು ಜನರನ್ನು ಸಲೀಸಾಗಿ ಎತ್ತಿದ ಯಂತ್ರ ಮಧ್ಯಾಹ್ನ 2ಕ್ಕೆ ಅದೇ ಆರು ಜನರನ್ನು ಎತ್ತಲಾರದಿರಬಹುದು.

ಆ ಹೊತ್ತಿನಲ್ಲಿ ಸ್ಥಳೀಯ ಮುಖಂಡರೊಬ್ಬರು ‘ನಾನೂ ಬರ್ತೀನಿ’ ಎಂದು ಹತ್ತುತ್ತಾರೆ. ಅವರ ತೂಕ 80 ಕಿಲೊ ಅಂದುಕೊಳ್ಳೋಣ. ವಿಮಾನ ಇಂಧನ ಲೀಟರಿಗೆ ಸುಮಾರು 0.8 ಕಿಲೊ ತೂಗುತ್ತದೆ. ಅವರಿಗೆ ಜಾಗ ಮಾಡಬೇಕಾದರೆ 100 ಲೀಟರ್ ಇಂಧನ ಬಿಡಬೇಕು. ಆರು ಸೀಟಿನ, ಒಂದೇ ಎಂಜಿನ್ನಿನ ಹೆಲಿಕಾಪ್ಟರ್ ಗಂಟೆಗೆ ಸುಮಾರು 180 ಲೀಟರ್ ಕುಡಿಯುತ್ತದೆ. ಅಂದರೆ ಅರ್ಧ ಗಂಟೆಗೂ ಮೀರಿದ ಹಾರಾಟದ ಇಂಧನ ಒಬ್ಬರಿಗಾಗಿ ಹೋಯಿತು. ಕಣ್ಣಳತೆಯ ಹಾರಾಟಕ್ಕೆ, ಅಂದರೆ ಪೈಲಟ್ ಹೊರಗೆ ನೋಡುತ್ತಲೇ ಹಾರಿಸುವ ಹಾರಾಟಕ್ಕೆ, ಕೊನೆಯ ಮೀಸಲಾಗಿ ಇಡಬೇಕಾದ ಇಂಧನ 20 ನಿಮಿಷದ್ದು. ಇಂಧನ ಬಿಡದೆಯೇ ಹತ್ತಿಸಿಕೊಂಡರೆ ಭಾರ ಮಿತಿ ದಾಟುತ್ತದೆ. ಎರಡರಲ್ಲಿ ಯಾವುದಾದರೂ ಒಂದು ನಡೆದೇ ತೀರುತ್ತದೆ, ಮೂರನೆಯ ದಾರಿ ಇಲ್ಲ. ಸನ್ಮಾನದ ಬೆಳ್ಳಿ ಗದೆ, ಹಣ್ಣಿನ ಬುಟ್ಟಿ, ಪುಸ್ತಕದ ಕಟ್ಟುಗಳೂ ಹೀಗೇ. ಅವನ್ನು ಹಿಂಬದಿಯ ಲಗೇಜು ಗೂಡಿಗೆ ತುರುಕಿದರೆ ಒಟ್ಟು ತೂಕ ಮಿತಿಯಲ್ಲಿದ್ದರೂ ಭಾರಕೇಂದ್ರ ಬಾಲದ ಕಡೆ ಸರಿಯುತ್ತದೆ, ಮೂಗು ತಗ್ಗಿಸಲು ಪೈಲಟ್‌ಗೆ ಸ್ಟಿಕ್ (ನಿಯಂತ್ರಣ ಕೋಲು) ಪೂರ್ತಿ ಮುಂದೆ ತಳ್ಳಿದರೂ ಸಾಲದೆ ಬರಬಹುದು. ಪ್ರತಿ ಹೆಲಿಪ್ಯಾಡಿನಲ್ಲೂ ಒಂದು ತೂಕದ ಯಂತ್ರ ಇಡಿಸಿ, ನಿಜವಾದ ತೂಕ ಬರೆದ ಲೋಡ್ ಶೀಟಿಗೆ ಪೈಲಟ್ ಸಹಿ ಮಾಡಿದ ಮೇಲೆ ಒಬ್ಬರೂ ಹೆಚ್ಚುವರಿಯಾಗಿ ಹತ್ತಬಾರದು.

ಹೆಲಿಪ್ಯಾಡಿನ ಹೊಣೆ ಜಿಲ್ಲಾಧಿಕಾರಿ ಮತ್ತು ಲೋಕೋಪಯೋಗಿ ಇಲಾಖೆಯದು. 13 ಮೀಟರ್ ಉದ್ದದ ಹೆಲಿಕಾಪ್ಟರಿಗೆ ಕನಿಷ್ಠ 20 ಮೀಟರ್ ಅಗಲದ ಗಟ್ಟಿ ಸಮತಲ ಜಾಗ, ಅದರ ಸುತ್ತ ಇನ್ನಷ್ಟು ತೆರವು ಇರಲಿ. ರೋಟರ್ ಗಾಳಿ ಅದರ ವ್ಯಾಸದ ಮೂರು ಪಟ್ಟು ದೂರದವರೆಗೂ ಸಾಮಾನು ಎಬ್ಬಿಸಬಲ್ಲದು. ಹಾಗಾಗಿ ಶಾಮಿಯಾನ, ಬಂಟಿಂಗ್ಸ್, ಕೆಂಪು ಹಾಸು, ಪ್ಲಾಸ್ಟಿಕ್ ಕುರ್ಚಿ ಯಾವುದೂ ಹತ್ತಿರ ಬೇಡ. ಎಚ್ ಅಕ್ಷರವನ್ನು ಒಣ ಸುಣ್ಣದ ಪುಡಿಯಲ್ಲಿ ಬರೆಯಬೇಡಿ, ಇಳಿಯುವ ಕೊನೆಯ ಗಳಿಗೆಯಲ್ಲಿ ಅದೇ ಎದ್ದು ಪೈಲಟ್ ಕಣ್ಣಿಗೆ ಪರದೆಯಾಗುತ್ತದೆ. ಸುಣ್ಣವನ್ನು ಕಲಸಿ ಬಳಿಯಿರಿ. ಬಯಲುಸೀಮೆಯ ಬಿಸಿಲಿಗೆ, ಧೂಳೇಳದಿರಲೆಂದು ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಉಳಿಯುವುದಿಲ್ಲ, ಇಳಿಯುವ ಮುನ್ನ ಮತ್ತೊಮ್ಮೆ ಟ್ಯಾಂಕರ್ ಬರಬೇಕು, ಆದರೆ ಕೆಸರಾಗಬಾರದು. ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಇರಲೇಬೇಕು.

ಅಕ್ಷಾಂಶ ರೇಖಾಂಶ ಕಳಿಸುವಲ್ಲಿ ಒಂದು ಅಪಾಯಕಾರಿ ಗೊಂದಲವಿದೆ. ಮೊಬೈಲ್ ನಕ್ಷೆ 15.34 ಡಿಗ್ರಿ ಎಂದು ದಶಮಾಂಶದಲ್ಲಿ ತೋರಿಸುತ್ತದೆ, ಹೆಲಿಕಾಪ್ಟರಿನ ಜಿಪಿಎಸ್ ಸಾಮಾನ್ಯವಾಗಿ ಡಿಗ್ರಿ ಮತ್ತು ನಿಮಿಷದಲ್ಲಿ ಕೇಳುತ್ತದೆ. 15.34 ಡಿಗ್ರಿ ಎಂದರೆ 15 ಡಿಗ್ರಿ 20.4 ನಿಮಿಷ. ಅದನ್ನು 15 ಡಿಗ್ರಿ 34 ನಿಮಿಷ ಎಂದು ಒತ್ತಿದರೆ ಹೆಲಿಕಾಪ್ಟರ್ 25 ಕಿಲೊಮೀಟರ್ ಉತ್ತರಕ್ಕೆ ಹೋಗಿ ಹೆಲಿಪ್ಯಾಡ್ ಹುಡುಕುತ್ತಿರುತ್ತದೆ, ಇಂಧನ ಕರಗುತ್ತಿರುತ್ತದೆ. ಹಿಂದಿನ ದಿನವೇ, ಯಾವ ರೂಪದ್ದು ಎಂದು ಸ್ಪಷ್ಟವಾಗಿ ಬರೆದು ಕಳಿಸಲಿ.

ಪೈಲಟ್ ‘ಆಗುವುದಿಲ್ಲ’ ಎನ್ನುವುದು ಹೆಚ್ಚಾಗಿ ಹವಾಮಾನಕ್ಕೆ. ಕಣ್ಣಳತೆಯ ಹಾರಾಟಕ್ಕೆ ಸಾಮಾನ್ಯವಾಗಿ 5 ಕಿಲೊಮೀಟರ್ ದೂರ ಕಾಣಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಾರ್ಮಾಡಿ, ಆಗುಂಬೆ, ಕೊಡಗಿನ ನೆತ್ತಿಯ ಮೇಲೆ ಮೋಡ ಕೂತಿರುತ್ತದೆ. ಕಣಿವೆಯೊಳಗೆ ನುಗ್ಗಿದ ಮೇಲೆ ಹಿಂದಿನ ದಾರಿಯೂ ಮುಚ್ಚಿಕೊಳ್ಳಬಹುದು. ಸಂಜೆಯಾದರೆ ಇನ್ನೊಂದು ತೊಡಕು: ಕಾರ್ಯಕ್ರಮ ಒಂದೊಂದು ಕಡೆ 20 ನಿಮಿಷ ತಡವಾಗುತ್ತ ಬಂದು ಕೊನೆಯ ಹಾರಾಟ ಸೂರ್ಯಾಸ್ತಕ್ಕೆ ತಾಕುತ್ತದೆ. ದೀಪವಿಲ್ಲದ ತಾಲ್ಲೂಕು ಮೈದಾನದಿಂದ ಕತ್ತಲಲ್ಲಿ ಏಳುವಂತಿಲ್ಲ. ಇದಕ್ಕೆ ಪರಿಹಾರ ಸರಳ. ಪ್ರತಿ ಕಾರ್ಯಕ್ರಮಕ್ಕೂ ಕಾರು ಸಿದ್ಧವಿರಲಿ, ಆಗ ಪೈಲಟ್ ಮೇಲಿನ ಒತ್ತಡ ತಾನಾಗಿ ಇಳಿಯುತ್ತದೆ. ಹವಾಮಾನದಿಂದ ಹಾರಾಟ ರದ್ದಾದರೆ ಬಾಡಿಗೆ ಕಡಿತವಿಲ್ಲ, ದಂಡವಿಲ್ಲ ಎಂದು ಕರಾರಿನಲ್ಲೇ ಬರೆಯಿರಿ. ಆಪ್ತ ಕಾರ್ಯದರ್ಶಿಗಳು, ಗನ್‌ಮ್ಯಾನ್‌ಗಳು ಪೈಲಟ್ ಜೊತೆ ವೇಳೆಯ ಬಗ್ಗೆ ವಾದಿಸಬಾರದೆಂದು ತಾವೇ ಹೇಳಿದರೆ ಕೇಳುತ್ತಾರೆ.

ಒಂದು ಸಣ್ಣ ಪೆಟ್ಟಿಗೆಯ ಬಗ್ಗೆಯೂ ಹೇಳಬೇಕು. ಹೆಲಿಕಾಪ್ಟರ್ ಬಿದ್ದರೆ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಸುದ್ದಿ ಕೊಡುವ ಇಎಲ್‌ಟಿ ಅದು. ಆ ಸಂಕೇತ ಬಂದು ತಲುಪುವುದು ನಮ್ಮ ಬೆಂಗಳೂರಿನಲ್ಲೇ ಇರುವ ಇಸ್ರೊದ ಕೇಂದ್ರಕ್ಕೆ. ಪೆಟ್ಟಿಗೆಯ ಬ್ಯಾಟರಿ ಅವಧಿ ಮುಗಿದಿರಬಾರದು, ಅದರ ಕೋಡ್ ಈಗಿನ ಮಾಲೀಕರ ಹೆಸರಿನಲ್ಲಿ, ಈಗಿನ ಫೋನ್ ನಂಬರಿನೊಂದಿಗೆ ನೋಂದಣಿಯಾಗಿರಬೇಕು. ಹೆಲಿಕಾಪ್ಟರ್ ಕೈ ಬದಲಾದಾಗ ಇದನ್ನು ಬದಲಿಸಲು ಮರೆತರೆ ಫೋನ್ ಹೋಗುವುದು ಹಳೆಯ ಮಾಲೀಕರಿಗೆ. ನಲ್ಲಮಲದಲ್ಲಿ ಅವಶೇಷ ಸಿಕ್ಕಿದ್ದು ಮರುದಿನ ಬೆಳಿಗ್ಗೆ.

ಇದನ್ನೆಲ್ಲ ನೋಡುವವರು ಯಾರು? ಶಿಷ್ಟಾಚಾರ ವಿಭಾಗದ ಅಧಿಕಾರಿಗೆ ಟೆಕ್ ಲಾಗ್ ಓದಲು ಬರಬೇಕೆಂದು ನಾವು ನಿರೀಕ್ಷಿಸುವುದಿಲ್ಲ. ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ್ದೇ ವೈಮಾನಿಕ ತರಬೇತಿ ಶಾಲೆಯಿದೆ, ಬೆಂಗಳೂರಿನಲ್ಲಿ ವಾಯುಪಡೆಯಿಂದ, ಎಚ್‌ಎಎಲ್‌ನಿಂದ ನಿವೃತ್ತರಾದ ಹೆಲಿಕಾಪ್ಟರ್ ಎಂಜಿನಿಯರ್‌ಗಳು ಬೇಕಾದಷ್ಟು ಜನರಿದ್ದಾರೆ. ಇಂಥ ಇಬ್ಬರನ್ನು ನೇಮಿಸಿಕೊಂಡರೆ ಹಿಂದಿನ ಸಂಜೆ ಒಂದು ಗಂಟೆ, ಹೊರಡುವ ಬೆಳಿಗ್ಗೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಅವರು ಡಿಜಿಸಿಎ ಜಾಗದಲ್ಲಿ ಕೂರುವುದಿಲ್ಲ. ಬಾಡಿಗೆದಾರರ ಪರವಾಗಿ ನೋಡಿ, ಸರಿಯಿಲ್ಲದಿದ್ದರೆ ಬೇಡ ಎನ್ನುತ್ತಾರೆ, ಅಷ್ಟೇ.

ಆದೇಶ ಹೊರಬೀಳಲು ಸಮಯ ಹಿಡಿಯಬಹುದು. ಅಲ್ಲಿಯವರೆಗೆ ತಾವು ಮುಂದಿನ ಸಲ ಹತ್ತುವ ಮುನ್ನ ಬಾಗಿಲ ಬಳಿ ನಿಂತು ಆ ದಿನದ ಲೋಡ್ ಶೀಟ್ ಮತ್ತು ಟೆಕ್ ಲಾಗಿನ ಕೊನೆಯ ಪುಟವನ್ನು ತೋರಿಸಲು ಪೈಲಟ್‌ಗೆ ಹೇಳಿ.

ಇಂತಿ ತಮ್ಮ ವಿಶ್ವಾಸಿಗಳು,
ವಿಮಾನ ನಿರ್ವಹಣೆ ಮತ್ತು ಹಾರಾಟದ ಕೆಲಸ ಬಲ್ಲ ಕೆಲವು ಕನ್ನಡಿಗರು