ಭಾನುವಾರ ಮಲ್ಪೆಗೆ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 4ಕ್ಕೆ ಮಲ್ಪೆ ಬೀಚಿನಲ್ಲಿ ಚಿತ್ರ ಬಿಡಿಸಲು ಸೇರೋಣ. ಈ ಸಲ ಇಂಪ್ರೆಷನಿಸ್ಟ್ ಶೈಲಿ. ಅಂದರೆ ದೋಣಿಯ ಹಲಗೆ ಎಣಿಸುತ್ತಾ ಕೂರುವುದಲ್ಲ, ಬೆಳಕು ಹಿಡಿಯುವುದು. ಪೆನ್ಸಿಲ್ ಕೆಲಸ ಐದು ನಿಮಿಷದೊಳಗೆ ಮುಗಿಸಿ.

ಕಪ್ಪು ಬಣ್ಣದ ಟ್ಯೂಬ್ ಮನೆಯಲ್ಲೇ ಇರಲಿ. ಒದ್ದೆ ಮರಳಿನ ನೆರಳಿಗೆ ಅಲ್ಟ್ರಾಮರೀನ್ ನೀಲಿಗೆ ಚೂರು ಬರ್ನ್ಟ್ ಸಿಯೆನಾ (ಕೆಂಗಂದು ಬಣ್ಣ) ಬೆರೆಸಿದರೆ ಸಾಕು. ಸೂರ್ಯ ಇಳಿದಂತೆ ಅಲೆಯ ನಮ್ಮ ಕಡೆಯ ಮುಖ ಕಂದುತ್ತದೆ, ಅಂಚು ಮಾತ್ರ ಕಿತ್ತಳೆಯಾಗಿ ಹೊಳೆಯುತ್ತದೆ. ಆ ಎರಡು ಬಣ್ಣಗಳನ್ನು ಉಜ್ಜಿ ಕಲಸಬೇಡಿ, ಪಕ್ಕಪಕ್ಕ ಇಟ್ಟುಬಿಡಿ. ಬೆಳಕು ಬದಲಾದರೆ ಹಳೆಯದನ್ನು ತಿದ್ದುವ ಬದಲು ಇನ್ನೊಂದು ಬೋರ್ಡ್ ಎತ್ತಿಕೊಳ್ಳಿ. 1880ರ ದಶಕದಲ್ಲಿ ಫ್ರಾನ್ಸಿನ ಎತ್ರೆತಾ ಕಡಲತೀರದಲ್ಲಿ ಇಂಪ್ರೆಷನಿಸ್ಟ್ ಚಿತ್ರಕಾರ ಮೋನೆ ಹೀಗೇ ಕ್ಯಾನ್ವಾಸ್ ಬದಲಿಸುತ್ತಾ ಕೆಲಸ ಮಾಡುತ್ತಿದ್ದರು. ಹಾಗಾಗಿ ಚಿಕ್ಕ ಬೋರ್ಡ್ 2–3 ತನ್ನಿ.

ಗಾಳಿ ಜೋರು, ಬೋರ್ಡ್ ನಿಲ್ಲಿಸುವ ಈಸೆಲ್‌ಗೆ ಮರಳು ತುಂಬಿದ ಚೀಲ ಕಟ್ಟಿ. ಬಣ್ಣಕ್ಕೆ ಮರಳು ಅಂಟಿದರೆ ತಲೆಕೆಡಿಸಿಕೊಳ್ಳಬೇಡಿ: ಫ್ರಾನ್ಸಿನ ಇನ್ನೊಂದು ಕಡಲತೀರ ತ್ರೂವಿಲ್‌ನಲ್ಲಿ 1870ರಲ್ಲಿ ಮೋನೆ ಬಿಡಿಸಿದ, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಚಿತ್ರದಲ್ಲೂ ಮರಳಿನ ಕಣಗಳಿವೆ! ಆಕ್ರಿಲಿಕ್‌ನವರು ಸ್ಪ್ರೇ ಬಾಟಲಿ ಮರೆಯಬೇಡಿ, ಆ ಬಣ್ಣ ಬೇಗ ಒಣಗುತ್ತದೆ. ಬಣ್ಣದ ನೀರನ್ನು ಕಡಲಿಗೆ ಚೆಲ್ಲುವಂತಿಲ್ಲ, ಡಬ್ಬಿಯಲ್ಲಿ ವಾಪಸ್ ಒಯ್ಯಬೇಕು.

ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ.