ಜೂನ್ 1ರಿಂದ ಬ್ಯಾಕಪ್ ಪದ್ಧತಿಯಲ್ಲಿ ಬದಲಾವಣೆ

ಮಾನ್ಯ ಗ್ರಾಹಕರೆ,

ನಿಮ್ಮ ಲಿನಕ್ಸ್ ಬಿಲ್ಲಿಂಗ್ ಸರ್ವರಿನ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡುವ ಕ್ರಮ ಜೂನ್ 1ರಿಂದ ನಿಲ್ಲುತ್ತದೆ. ಬದಲಿಗೆ ನಾವು ಕೊಡುವ ಯುಎಸ್‌ಬಿ ಹಾರ್ಡ್‌ಡಿಸ್ಕ್‌ಗೆ ಪ್ರತಿ ರಾತ್ರಿ 11ಕ್ಕೆ ಟಾರ್ ಫೈಲ್ (ಎಲ್ಲ ಫೈಲ್‌ಗಳನ್ನು ಒಂದೇ ಗಂಟಾಗಿ ಕಟ್ಟಿದ್ದು) ಬರೆಯಲಾಗುತ್ತದೆ. ಮಳೆ ಹಿಡಿದು, ಮರ ಬಿದ್ದು, ಕರೆಂಟ್ ಬಂದು ಹೋಗುವ ಆಟ ಶುರುವಾಗುವ ಮುಂಚೆಯೇ ಇದನ್ನು ಮುಗಿಸಬೇಕೆಂದಿದ್ದೇವೆ.

ಪೆನ್‌ಡ್ರೈವ್‌ನಲ್ಲಿ ಡೇಟಾ ಉಳಿಯುತ್ತದೆ, ಮಾಲೀಕತ್ವ ಉಳಿಯುವುದಿಲ್ಲ. ಪೆನ್‌ಡ್ರೈವ್‌ಗಳ ಸಾಮಾನ್ಯ ಫಾರ್ಮ್ಯಾಟ್‌ಗಳಾದ ಫ್ಯಾಟ್32, ಎಕ್ಸ್‌ಫ್ಯಾಟ್ ಎರಡರಲ್ಲೂ ಫೈಲ್ ಯಾರದ್ದೆಂದು ಬರೆದಿಡಲು ಜಾಗವೇ ಇಲ್ಲ. ವಾಪಸ್ ಹಾಕಿದಾಗ ಎಲ್ಲವೂ ಹಾಕಿದವರ ಹೆಸರಿಗೇ ಆಗುತ್ತದೆ. ಡೇಟಾಬೇಸ್ ಸಾಫ್ಟ್‌ವೇರ್ ಆದ ಮೈಎಸ್‌ಕ್ಯೂಎಲ್ ತನ್ನದೇ ಫೋಲ್ಡರ್ ತೆರೆಯಲಾಗದೆ ‘ಪರ್ಮಿಷನ್ ಡಿನೈಡ್’ ಎಂದು ನಿಂತುಬಿಡುತ್ತದೆ. ಆಗ ಅನುಮತಿ ಬದಲಿಸುವ ‘ಸಿಎಚ್‌ಮಾಡ್ 777’ ಕಮಾಂಡ್ ಕೊಟ್ಟು ಎಲ್ಲರಿಗೂ ಬಾಗಿಲು ತೆರೆಯುವವರಿದ್ದಾರೆ, ದಯವಿಟ್ಟು ಬೇಡ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಇದ್ದರಂತೂ ಅದು ಅಷ್ಟು ಸಡಿಲ ಅನುಮತಿ ಕಂಡರೆ ಶುರುವಾಗುವುದೇ ಇಲ್ಲ.

ಇನ್ನೊಂದು ತೊಡಕು ಸಂಖ್ಯೆಯದ್ದು. ಲಿನಕ್ಸ್ ಡಿಸ್ಕಿನಲ್ಲಿ ಫೈಲ್ ಮಾಲೀಕರ ಹೆಸರಿರುವುದಿಲ್ಲ, ಯೂಸರ್ ಸಂಖ್ಯೆ ಇರುತ್ತದೆ. ಉಬುಂಟು ಹಾಕುವಾಗ ಮಾಡಿದ ಮೊದಲ ಬಳಕೆದಾರರಿಗೆ 1000. ಮೈಎಸ್‌ಕ್ಯೂಎಲ್‌ನಂಥ ಸೇವೆಗೆ ಇನ್‌ಸ್ಟಾಲ್ ಮಾಡಿದಾಗ ಖಾಲಿಯಿದ್ದ ಸಂಖ್ಯೆ ಸಿಗುತ್ತದೆ. ಹಳೆ ಯಂತ್ರದಲ್ಲಿ 113 ಇದ್ದದ್ದು ಹೊಸದರಲ್ಲಿ 118 ಆಗಬಹುದು, 113 ಬೇರೆ ಸೇವೆಯ ಪಾಲಾಗಿರಬಹುದು.

ಟಾರ್ ಹೆಸರು, ಸಂಖ್ಯೆ ಎರಡನ್ನೂ ಇಟ್ಟುಕೊಳ್ಳುತ್ತದೆ. ಸುಡೋ (ಅಡ್ಮಿನ್ ಅಧಿಕಾರ) ಕೊಟ್ಟು ಬಿಚ್ಚಿದರೆ ಮೊದಲು ಹೆಸರು ಹುಡುಕುತ್ತದೆ, ಸಿಗದಿದ್ದರೆ ಸಂಖ್ಯೆ ಹಿಡಿಯುತ್ತದೆ. ಸುಡೋ ಇಲ್ಲದೆ ಬಿಚ್ಚಿದರೆ ಇಷ್ಟೂ ವ್ಯರ್ಥ. ಹೊಸ ಸರ್ವರಿಗೆ ಬರೀ ಡೇಟಾ ಹಾಕುವುದಾದರೆ ಮೊದಲು ಮೈಎಸ್‌ಕ್ಯೂಎಲ್ ಇನ್‌ಸ್ಟಾಲ್ ಮಾಡಿ, ಸೇವೆ ನಿಲ್ಲಿಸಿ, ಆಮೇಲೆ ಬಿಚ್ಚುತ್ತೇವೆ. ಹೆಸರು ತಾನಾಗಿ ಹೊಂದಿಕೊಳ್ಳುತ್ತದೆ. ಲೈವ್ ಯುಎಸ್‌ಬಿಯಿಂದ (ತನ್ನದೇ ಲಿನಕ್ಸ್ ಇರುವ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಶುರುಮಾಡಿ) ಇಡೀ ಸಿಸ್ಟಮ್ ವಾಪಸ್ ತರುವಾಗ ಮಾತ್ರ ಹೆಸರು ಬಿಟ್ಟು ಸಂಖ್ಯೆಯನ್ನೇ ಹಿಡಿಯುವ ‘ನ್ಯೂಮರಿಕ್-ಓನರ್’ ಆಯ್ಕೆ ಕೊಡಲೇಬೇಕು. ಇಲ್ಲವಾದರೆ ಟಾರ್ ಆ ಯುಎಸ್‌ಬಿಯ ಬಳಕೆದಾರರ ಪಟ್ಟಿ ನೋಡಿ ಸಂಖ್ಯೆ ಹಚ್ಚುತ್ತದೆ. ಫೈಲ್ ಕಾಪಿ ಮಾಡುವ ಆರ್‌ಸಿಂಕ್ ಕಮಾಂಡಿಗೂ ಇದೇ ಮಾತು. ಅಲ್ಲಿ ಆಯ್ಕೆಯ ಹೆಸರು ‘ನ್ಯೂಮರಿಕ್-ಐಡ್ಸ್’.

ರಿಸ್ಟೋರ್ ಆದ ಮೇಲೆ ಫೈಂಡ್ ಕಮಾಂಡಿನ ‘ನೋಯೂಸರ್’ ಪರೀಕ್ಷೆಯಿಂದ ಒಡೆಯರಿಲ್ಲದ ಫೈಲ್‌ಗಳು ಸಿಗುತ್ತವೆ. ತಪ್ಪು ಒಡೆಯರ ಕೈಸೇರಿದವು ಅದಕ್ಕೆ ಸಿಗುವುದಿಲ್ಲ. ಅವನ್ನು ಮಾಲೀಕರ ಸಂಖ್ಯೆ ತೋರಿಸುವ ‘ಎಲ್‌ಎಸ್ -ಎಲ್‌ಎನ್’ ಕಮಾಂಡ್ ಕೊಟ್ಟು ಕಣ್ಣಾರೆ ನೋಡುತ್ತೇವೆ.

ರಾತ್ರಿ 11ಕ್ಕೆ ಡೇಟಾಬೇಸ್ ನಿಲ್ಲಿಸಿ ಬ್ಯಾಕಪ್ ತೆಗೆಯುವುದರಿಂದ ಸುಮಾರು 15 ನಿಮಿಷ ಬಿಲ್ ಬರುವುದಿಲ್ಲ. ತಡವಾಗಿ ಬರುವ ಅತಿಥಿಗಳಿರುವ ಹೋಂಸ್ಟೇಗಳವರು, ಕೊಯ್ಲಿನ ದಿನಗಳಲ್ಲಿ ರಾತ್ರಿಯೂ ತೂಕ ಹಾಕುವ ಕಾಫಿ ವ್ಯಾಪಾರಿಗಳು ಬೇರೆ ಸಮಯ ತಿಳಿಸಿದರೆ ಬದಲಿಸುತ್ತೇವೆ. ಶುಲ್ಕ ಮೊದಲಿನಷ್ಟೇ.

ಫ್ಯಾಟ್32ರಲ್ಲಿ 4 ಜಿಬಿ ಮೀರಿದ ಫೈಲ್ ಕೂರದ ಕಾರಣ ಹೊಸ ಡಿಸ್ಕ್ ಲಿನಕ್ಸಿನ ಎಕ್ಸ್‌ಟ್4 ಫಾರ್ಮ್ಯಾಟ್‌ನಲ್ಲಿದೆ. ವಿಂಡೋಸ್ ಕಂಪ್ಯೂಟರಿಗೆ ಚುಚ್ಚಿದರೆ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳಬಹುದು. ಕ್ಯಾನ್ಸಲ್ ಒತ್ತಿ.

ಇಂತಿ,
ಸರ್ವೀಸ್ ವಿಭಾಗ, ಮಡಿಕೇರಿ