ಮರೆತುಬಿಡು ಅಂದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

"ಇನ್ನೂ ಅವಳದೇ ಧ್ಯಾನವಾ? ಮರೆತುಬಿಡೋ" ಅಂದೆಯಲ್ಲ, ಅಕ್ಕರೆಯಿಂದಲೇ ಅಂದೆ, ಗೊತ್ತು. ಉತ್ತರವನ್ನು ಎಲ್ಲರೂ ಓದೋ ಕಡೆ ಬರೀತಿದ್ದೀನಿ. ಓದುವವರಲ್ಲಿ ನನ್ನಂಥವರೂ ಇರ್ತಾರೆ, ನಿನ್ನಂಥ ಗೆಳೆಯರೂ ಇರ್ತಾರೆ.

ಮರೆಯೋಕೆ ಹೊರಟರೆ ಏನಾಗುತ್ತೆ ಅಂತ ಡೇನಿಯಲ್ ವೆಗ್ನರ್ ಅನ್ನೋ ಮನಶ್ಶಾಸ್ತ್ರಜ್ಞ 1987ರಲ್ಲೇ ತೋರಿಸಿದ್ದಾನೆ. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂತ ವಿದ್ಯಾರ್ಥಿಗಳಿಗೆ ಹೇಳಿದ. ಗಂಟೆ ಮತ್ತೆ ಮತ್ತೆ ಮೊಳಗಿತು. ಆಮೇಲೆ 'ಈಗ ನೆನೆಯಿರಿ' ಅಂದಾಗ, ಮೊದಲಿಂದಲೇ ನೆನೆಯಲು ಬಿಟ್ಟವರಿಗಿಂತ ಇವರಿಗೇ ಕರಡಿ ಹೆಚ್ಚು ಕಾಡಿತು. ಹಾಗಾಗಿ ನಾನು ಆ ಗೋಜಿಗೇ ಹೋಗಲ್ಲ. ಬಂದ ನೆನಪನ್ನ ಬರಮಾಡಿಕೊಳ್ತೀನಿ.

ಈಗ ನನಗೆ ಭಯ ಹುಟ್ಟಿರೋದು ಈ ಬರಮಾಡಿಕೊಳ್ಳೋದರ ಬಗ್ಗೆಯೇ.

2000ದಲ್ಲಿ ಕರೀಮ್ ನಾದರ್ ಅನ್ನೋ ಮಿದುಳು ವಿಜ್ಞಾನಿ ಮತ್ತು ಜೊತೆಗಾರರು ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಸದ್ದು ಕೇಳಿಸಿ ಕರೆಂಟಿನ ಶಾಕ್ ಕೊಟ್ಟಿದ್ದರಿಂದ, ಸದ್ದು ಕೇಳಿದರೇ ಇಲಿಗಳು ಮರಗಟ್ಟುತ್ತಿದ್ದವು. ಆ ನೆನಪು ಬಲಿತ ಮೇಲೆ ಮತ್ತೆ ಸದ್ದು ಕೇಳಿಸಿ, ಕೂಡಲೇ ಮಿದುಳಿನಲ್ಲಿ ಭಯದ ನೆನಪಿಗೆ ಬೇಕಾದ ಅಮಿಗ್ಡಲಾ ಅನ್ನೋ ಭಾಗಕ್ಕೆ, ನೆನಪು ಗಟ್ಟಿಯಾಗಲು ಬೇಕಾದ ಪ್ರೋಟೀನ್ ತಯಾರಿ ತಡೆಯುವ ಔಷಧಿ ಕೊಟ್ಟರು. ಮರುದಿನ ಭಯ ಬಹುಪಾಲು ಇಳಿದಿತ್ತು. ಸದ್ದು ಕೇಳಿಸದೆ ಔಷಧಿ ಕೊಟ್ಟ ಇಲಿಗಳಲ್ಲಿ ಮಾತ್ರ ಭಯ ಇದ್ದ ಹಾಗೇ ಇತ್ತು. ಅಂದರೆ, ಕೆದಕಿದ ನೆನಪು ಮತ್ತೆ ಹಸಿಯಾಗುತ್ತೆ, ಮತ್ತೆ ಗಟ್ಟಿಯಾಗಬೇಕಾಗುತ್ತೆ. ಮನುಷ್ಯರಲ್ಲಿ ಇದು ಎಷ್ಟರ ಮಟ್ಟಿಗೆ ನಿಜ ಅನ್ನೋ ಚರ್ಚೆ ಮುಗಿದಿಲ್ಲ. ನನ್ನ ನಿದ್ದೆ ಕೆಡಿಸೋಕೆ ಇಷ್ಟು ಸಾಕಾಯ್ತು.

ಯಾಕೆ ಗೊತ್ತಾ? ಅವಳು ಹೊರಟಾಗ ಒಮ್ಮೆ ತಿರುಗಿ ನೋಡಿದಳಲ್ಲ, ಈಗ ನನ್ನ ನೆನಪಿನಲ್ಲಿ ಅವಳ ಕಣ್ಣು ತುಂಬಿರುತ್ತೆ. ಮೊದಮೊದಲು ಹಾಗಿರಲಿಲ್ಲ. ಆಗೆಲ್ಲ ಸುಮ್ಮನೆ ತಿರುಗಿದ್ದಳು, ಅಷ್ಟೇ. ಆ ನೀರು ಯಾವಾಗ ಬಂತೋ ಕಾಣೆ. ಅವಳು ಅಳದೇ ಹೋದಳು ಅನ್ನೋದನ್ನ ತಾಳಲಾರದೆ ನಾನೇ ತುಂಬಿಸಿದೆನೇನೋ. ಅವಳ ದನಿಯಂತೂ ಹೋಗೇಬಿಟ್ಟಿದೆ ಕಣೋ. ಮಾತುಗಳೆಲ್ಲ ಇವೆ, ಕೇಳಿಸೋದು ನನ್ನ ದನಿಯಲ್ಲಿ. ಇಷ್ಟು ದಿನ ಅವಳನ್ನ ಕಾಪಾಡ್ಕೊಂಡು ಬಂದೆ ಅಂದುಕೊಂಡಿದ್ದೆ. ಪ್ರತಿ ಸಲ ನೆನೆದಾಗಲೂ ಅವಳು ಒಂಚೂರು ಕಮ್ಮಿಯಾಗಿ, ನಾನು ಒಂಚೂರು ಸೇರ್ಕೊಂಡಿದ್ದೀನಿ ಅನ್ಸುತ್ತೆ. ಅವಳ ನೆನಪಿನಲ್ಲಿ ನಾನು ಏನಾಗಿದ್ದೀನೋ, ಇದ್ದೀನೋ ಇಲ್ಲವೋ.

ಅವತ್ತು ನೀನು ನನ್ನ ಪಕ್ಕದಲ್ಲೇ ಇದ್ದೆ. ಅವಳು ಅತ್ತಳೋ ಇಲ್ಲವೋ ನಿನಗೆ ಗೊತ್ತಿರುತ್ತೆ. ಕೇಳಬೇಕು ಅಂತ ಫೋನ್ ಎತ್ತಿಕೊಂಡು, ಕೇಳದೇ ಇಟ್ಟಿದ್ದೀನಿ. ನಾನಾಗಿ ಕೇಳೋವರೆಗೂ ಹೇಳಬೇಡ.

ಇಷ್ಟೆಲ್ಲ ಬರೆಯೋ ಯೋಚನೆ ಇರಲಿಲ್ಲ. ಸಾಕು. ಬಂದಾಗ ಮೇಷ್ಟ್ರ ಛತ್ರಿಯ ಪಂಚಾಯ್ತಿ ಮುಗಿಸೋಣ. ಆ ವಿಷಯದಲ್ಲಿ ನನ್ನ ನೆನಪು ಪಕ್ಕಾ: ಕಳೆದವನು ನೀನೇ.

ನಿನ್ನವ